ಕಾಯಿ ಹಣ್ಣಾಗೋಷ್ಟರಲ್ಲಿ ಸೈಟ್ ಓಪನ್ ಆಗ್ಬೇಕಲ್ವ!

ಶ್ರೀನಿವಾಸಪುರದ ಹತ್ರ ನಮ್ ಮಾವಂದು ಮಾವಿನ ತೋಟ ಐತೆ, ಸೀಸನ್‌ನಲ್ಲಿ ಬೆಂಗಳೂರಿಗೆ ಬಾಕ್ಸ್ ಕಳಿಸೋಕೆ ಅಂತ ನಾನೇ ವರ್ಡ್‌ಪ್ರೆಸ್‌ನಲ್ಲಿ (ಸೈಟ್ ಕಟ್ಟೋ ಸಾಫ್ಟ್‌ವೇರ್) ಒಂದು ಸೈಟ್ ಮಾಡ್ಕೊಟ್ಟಿದ್ದೆ. ಮನೆ ವೈಫೈನಲ್ಲಿ ಪಟ್ ಅಂತ ಬರೋದು, ತೋಟದಲ್ಲಿ ನಿಂತು ಮಾವ ಅವ್ರ ಫೋನಲ್ಲಿ ತೆಗೆದ್ರೆ ಬಾದಾಮಿ ಫೋಟೊ ಪಟ್ಟಿ ಪಟ್ಟಿಯಾಗಿ ಇಳೀತಾ ಇತ್ತು. "ಕಾಯಿ ಹಣ್ಣಾಗೋಗುತ್ತೆ ಕಣಪ್ಪ, ಇದು ಓಪನ್ ಆಗಲ್ಲ" ಅಂದ್ರು.

ನಿಮ್ ಸೈಟೂ ಹಿಂಗೇ ನಿಧಾನ ಆಗಿದ್ರೆ, ಮೊದ್ಲು ಸ್ಪೀಡ್ ಅಳತೆ ಮಾಡಿ. ಗೂಗಲ್‌ದು ಪೇಜ್‌ಸ್ಪೀಡ್ ಇನ್‌ಸೈಟ್ಸ್ ಫ್ರೀ ಐತೆ, ಅಡ್ರೆಸ್ ಹಾಕಿ ಮೊಬೈಲ್ ರಿಸಲ್ಟ್ ನೋಡಿ. ನೂರಕ್ಕೆ ಎಷ್ಟು ಅನ್ನೋದು ಬಿಡಿ, ಎಲ್‌ಸಿಪಿ ನೋಡಿ, ಅಂದ್ರೆ ಸ್ಕ್ರೀನಲ್ಲಿ ಕಾಣೋ ದೊಡ್ಡ ಐಟಂ ಬರೋಕೆ ಎಷ್ಟು ಹೊತ್ತು ಅಂತ, 2.5 ಸೆಕೆಂಡ್ ಒಳಗಿದ್ರೆ ಪಾಸು, 4 ದಾಟಿದ್ರೆ ಫೇಲು.

ನಮ್ದರಲ್ಲಿ ಭಾರ ಎಲ್ಲಾ ಫೋಟೊದ್ದೇ. ಫೋನಲ್ಲಿ ತೆಗೆದಿದ್ದು 4000 ಪಿಕ್ಸೆಲ್ ಅಗಲ, ಒಂದೊಂದೂ 4-5 ಎಂಬಿ, ಹಂಗೇ ಅಪ್‌ಲೋಡ್ ಮಾಡಿದ್ದೆ ಪುಣ್ಯಾತ್ಮ ನಾನು. ಸ್ಕ್ವೂಶ್ ಅಂತ ಗೂಗಲ್‌ದೇ ಟೂಲ್ ಐತೆ, ಅದ್ರಲ್ಲಿ ಅಗಲ 1200ಕ್ಕೆ ಇಳಿಸಿ, ವೆಬ್‌ಪಿ ಫಾರ್ಮ್ಯಾಟ್ ಆರಿಸಿ, ಕ್ವಾಲಿಟಿ 75 ಇಟ್ಟು ಸೇವ್ ಮಾಡಿ. ನಂಗೆ 150 ಕೆಬಿ ಆಸುಪಾಸು ಬಂತು, ತೋತಾಪುರಿ ಮೂತಿ ಸಮೇತ ನೀಟಾಗೇ ಕಾಣುತ್ತೆ. ಕೋಡಲ್ಲಿ ಫೋಟೊದ ಅಗಲ ಎತ್ತರ ಎರಡೂ ಬರೀರಿ, ಇಲ್ದಿದ್ರೆ ಫೋಟೊ ಬಂದಾಗ ಪೇಜ್ ಕುಣಿದು, ಆರ್ಡರ್ ಬಟನ್ ಒತ್ತೋಕೆ ಹೋದೋರು ಇನ್ನೇನೋ ಒತ್ತಿರ್ತಾರೆ.

ಕೆಳಗಿನ ಫೋಟೊಗಳಿಗೆ ಲೇಜಿ ಲೋಡಿಂಗ್ ಹಾಕಿ, ಸ್ಕ್ರೋಲ್ ಮಾಡಿದಾಗ ಬರ್ತವೆ. ಎಲ್ಲಕ್ಕಿಂತ ಮೇಲಿರೋದಕ್ಕೆ ಮಾತ್ರ ಬೇಡ! ನಾನು ಅದಕ್ಕೂ ಹಾಕಿ, ಎಲ್‌ಸಿಪಿ ಇನ್ನೂ ಕೆಟ್ಟು, ಒಂದು ಸಂಜೆ ಪೂರ್ತಿ ತಲೆ ಕೆರ್ಕೊಂಡಿದ್ದೀನಿ. ಯೂಟ್ಯೂಬ್ ವಿಡಿಯೋ ನೇರ ಪೇಜಲ್ಲಿ ಕೂರಿಸಿದ್ರೆ ಅದೂ ಭಾರಾನೇ, ಬರೀ ಚಿತ್ರ ಇಟ್ಟು ಲಿಂಕ್ ಕೊಡಿ.

ಕನ್ನಡ ಫಾಂಟ್ ವಿಷ್ಯ ಯಾರೂ ಹೇಳಲ್ಲ. ಒತ್ತಕ್ಷರ, ಗುಣಿತ ಎಲ್ಲಾ ತುಂಬ್ಕೊಂಡಿರೋದ್ರಿಂದ ಫೈಲು ಇಂಗ್ಲಿಷಿಗಿಂತ ದಪ್ಪ, ಆಸೆಗೆ ಮೂರ್ ನಾಲ್ಕು ಹಾಕ್ಬೇಡಿ, ಒಂದು ಸಾಕು, ರೆಗ್ಯುಲರ್ ಮತ್ತೆ ಬೋಲ್ಡ್ ಅಷ್ಟೇ. ಸಿಎಸ್ಎಸ್‌ನಲ್ಲಿ (ಪೇಜ್ ಹೆಂಗೆ ಕಾಣ್ಬೇಕು ಅಂತ ಹೇಳೋ ಕೋಡು) ಫಾಂಟ್ ಡಿಸ್‌ಪ್ಲೇನ ಸ್ವಾಪ್ ಅಂತ ಕೊಟ್ರೆ ನಿಮ್ ಫಾಂಟ್ ಬರೋವರ್ಗೂ ಫೋನಲ್ಲಿರೋ ಅಕ್ಷರ ಕಾಣ್ತಿರುತ್ತೆ, ಖಾಲಿ ಪೇಜ್ ಇರಲ್ಲ.

ಇನ್ನು ಬಳಸದ ಪ್ಲಗಿನ್ (ಸೈಟಿಗೆ ಸೇರಿಸೋ ಎಕ್ಸ್‌ಟ್ರಾ ಪ್ರೋಗ್ರಾಂ) ಕಿತ್ತಾಕಿ, ಒಂದು ಕ್ಯಾಶ್ ಪ್ಲಗಿನ್ (ಒಮ್ಮೆ ರೆಡಿಯಾದ ಪೇಜ್ ಇಟ್ಕೊಂಡು ಮತ್ತೆ ಅದನ್ನೇ ಕೊಡೋದು) ಹಾಕಿ, ಹೋಸ್ಟಿಂಗ್ ತಗೊಳ್ಳೋವಾಗ ಸರ್ವರ್ ಮುಂಬೈ ಇದ್ರೆ ಅದನ್ನೇ ಆರಿಸಿ, ಗಿರಾಕಿ ಬೆಂಗಳೂರಲ್ಲಿದ್ದು ಸರ್ವರ್ ಅಮೆರಿಕದಲ್ಲಿ ಯಾಕೆ?

ಎಲ್ಲಾ ಆದ್ಮೇಲೆ ವೈಫೈ ಆಫ್ ಮಾಡಿ, ಇನ್‌ಕಾಗ್ನಿಟೋದಲ್ಲಿ (ಹಿಂದೆ ಇಳಿಸ್ಕೊಂಡಿದ್ದನ್ನ ಬಳಸದ ಪ್ರೈವೇಟ್ ಟ್ಯಾಬ್), ಮನೇಲಿರೋ ಹಳೇ ಫೋನಲ್ಲೇ ತೆಗೆದು ನೋಡಿ.