ಫ್ಲೂ ಬಂದಾಗ ಚಕ್ರಮೊಗ್ಗಿಗೆ ಎಷ್ಟು ಕೆಲಸ ಕೊಡಬೇಕು?

2004ರಿಂದ ಮಲ್ಲೇಶ್ವರದ ಔಷಧಿ ಅಂಗಡಿಯೊಂದರಲ್ಲಿ ಕೂತಿದ್ದೇನೆ. ಮಳೆ ಹಿಡಿದರೆ ಸಾಕು, ಫ್ಲೂ ಗಿರಾಕಿಗಳು ಶುರು. ಬಂದವರದ್ದೆಲ್ಲ ಒಂದೇ ಮಾತು: "ಮಾತ್ರೆ ಬೇಡ ಸಾರ್, ಯಾವ ಕಷಾಯ ಒಳ್ಳೇದು ಹೇಳಿ."

2009ರಲ್ಲಿ ಎಚ್1ಎನ್1 ಬಂದಾಗ ನಾನೂ ಅದೇ ಗುಂಪು. ಫ್ಲೂ ಮಾತ್ರೆ ಟ್ಯಾಮಿಫ್ಲೂಗೆ ಮೂಲ ಚಕ್ರಮೊಗ್ಗು ಅಂತ ಎಲ್ಲೋ ಓದಿ, ಎಂಟನೇ ಕ್ರಾಸ್‌ನಲ್ಲಿ 100 ಗ್ರಾಂ ತಂದು ಕುದಿಸಿ ಕುಡಿದೆ. ನಾಲ್ಕು ದಿನ ಜ್ವರ ಇಳಿಯಲಿಲ್ಲ. ಮನೆಯೆಲ್ಲ ಬಿರಿಯಾನಿ ವಾಸನೆ, ಅಷ್ಟೇ.

ಚಕ್ರಮೊಗ್ಗಿನಲ್ಲಿರುವ ಶಿಕಿಮಿಕ್ ಆಮ್ಲ ಬರೀ ಕಚ್ಚಾ ಸಾಮಾನು. ಕಾರ್ಖಾನೆಯಲ್ಲಿ ಹಲವು ಹಂತ ದಾಟಿದ ಮೇಲೆ ಅದು ಒಸೆಲ್ಟಾಮಿವಿರ್, ಅಂದರೆ ಟ್ಯಾಮಿಫ್ಲೂ ಮದ್ದು, ಆಗುತ್ತದೆ. ಎಚ್1ಎನ್1ನಲ್ಲಿ 'ಎನ್' ಇದೆಯಲ್ಲ, ಅದು ನ್ಯೂರಾಮಿನಿಡೇಸ್ ಅನ್ನುವ ಕತ್ತರಿ. ಹೊಸದಾಗಿ ಹುಟ್ಟಿದ ವೈರಸ್ ಜೀವಕೋಶದ ಅಂಟು ಬಿಡಿಸಿಕೊಂಡು ಹೊರಡುವುದು ಅದರಿಂದಲೇ. ಮಾತ್ರೆ ಹೋಗಿ ಆ ಕತ್ತರಿಯ ಬಾಯಿಗೆ ಸಿಕ್ಕಿಕೊಂಡು ಅದು ಕತ್ತರಿಸದ ಹಾಗೆ ಮಾಡುತ್ತದೆ. ಮೊಗ್ಗು ಕುದಿಸಿ ಟ್ಯಾಮಿಫ್ಲೂ ಕುಡಿದೆ ಅನ್ನುವುದು ಕಬ್ಬು ಜಗಿದು ಮೈಸೂರು ಪಾಕ್ ತಿಂದೆ ಅಂದ ಹಾಗೆ.

ಅರಿಶಿನದ ಕರ್ಕ್ಯುಮಿನ್ ಲ್ಯಾಬಿನ ತಟ್ಟೆಯಲ್ಲಿ ಫ್ಲೂ ವೈರಸ್ಸನ್ನು ತಡೆದಿದೆ, ಸುಳ್ಳಲ್ಲ. ಆದರೆ ನಾವು ನುಂಗಿದ್ದು ರಕ್ತ ಸೇರುವುದೇ ತೀರಾ ಕಡಿಮೆ.

ಹಾಗಂತ ಕಷಾಯ ಬಿಡಬೇಡಿ. ಗಂಟಲಿಗೆ ಹಿತ, ಮೈಗೆ ನೀರೂ ಸೇರುತ್ತದೆ. ಎರಡು ಚಮಚ ಧನಿಯಾ, ಒಂದು ಚಮಚ ಜೀರಿಗೆ, ಎಂಟು ಕಾಳು ಮೆಣಸು ಸ್ವಲ್ಪ ಹುರಿದು ಕುಟ್ಟಿ. ಮೂರು ಲೋಟ ನೀರಿಗೆ ಹಾಕಿ. ಜಜ್ಜಿದ ಶುಂಠಿ, ಕುಂಡದಲ್ಲಿದ್ದರೆ ಮೂರು ದೊಡ್ಡಪತ್ರೆ ಎಲೆ. ಎರಡು ಲೋಟಕ್ಕೆ ಇಳಿಸಿ, ಬೆಲ್ಲ ಕೊನೆಗೆ. ಘಮಕ್ಕೆ ಬೇಕಿದ್ದರೆ ಚಕ್ರಮೊಗ್ಗಿನ ಒಂದು ಎಸಳು, ಜಾಸ್ತಿ ಬೇಡ. ಕೂಸುಗಳಿಗೆ ಚಕ್ರಮೊಗ್ಗು ಕುದಿಸಿ ಕೊಡಲೇಬೇಡಿ. ನೋಡಲು ಹಾಗೇ ಇರುವ ಜಪಾನಿನ ಜಾತಿ ವಿಷ, ಬೆರೆತುಬಿಟ್ಟರೆ ಫಿಟ್ಸ್ ಬರುತ್ತದೆ. ವರ್ಷ ತುಂಬದ ಮಗುವಿಗೆ ಜೇನೂ ಬೇಡ. ಬಿಪಿ ಇರುವವರು ಅತಿಮಧುರ ಹಾಕಬೇಡಿ, ಅದು ಬಿಪಿ ಏರಿಸುತ್ತದೆ.

ಗಡಿಯಾರ ನೋಡುವುದು ಮಾತ್ರ ಮರೆಯಬೇಡಿ. ಒಸೆಲ್ಟಾಮಿವಿರ್ ಚೆನ್ನಾಗಿ ಕೆಲಸ ಮಾಡುವುದು ಜ್ವರ ಶುರುವಾಗಿ 48 ಗಂಟೆಯೊಳಗೆ ತೆಗೆದುಕೊಂಡರೆ. ನಾನು ಡಾಕ್ಟರ್ ಹತ್ತಿರ ಹೋದಾಗ ಅದು ದಾಟಿತ್ತು, ಬೈಸಿಕೊಂಡೆ. ಮನೆಯಲ್ಲಿ ವಯಸ್ಸಾದವರು, ಬಸುರಿ, ಪುಟ್ಟ ಮಕ್ಕಳು, ಸಕ್ಕರೆ ಕಾಯಿಲೆ ಅಥವಾ ಆಸ್ತಮಾ ಇರುವವರಿಗೆ ಜ್ವರ ಬಂದರೆ ಮೊದಲ ದಿನವೇ ತೋರಿಸಿ. ಉಸಿರು ಕಟ್ಟಿದರಂತೂ ಯಾರೇ ಆಗಲಿ ಆ ಕ್ಷಣವೇ ಹೊರಡಿ. ಬರೀ ಜ್ವರ, ನೆಗಡಿ ಆಗಿದ್ದರೆ ಕಷಾಯ ಫ್ಲಾಸ್ಕ್‌ಗೆ ತುಂಬಿಕೊಂಡೇ ಹೋಗಿ. ಕ್ಲಿನಿಕ್‌ನಲ್ಲಿ ಟೋಕನ್ ಬರುವವರೆಗೆ ಕುಡಿಯಲು ಏನಾದರೂ ಬೇಕಲ್ವಾ?