ಬ್ಲೀಚಿಂಗ್ ಪುಡಿಗೆ ನೀರು ಎಷ್ಟು?

ಮನೆಯಲ್ಲಿ ಯಾರಿಗಾದರೂ ವಾಂತಿಭೇದಿಯಾದಾಗ, ಒಳನುಗ್ಗಿದ ಮಳೆನೀರು ಇಳಿದಾಗ ಬ್ಲೀಚಿಂಗ್ ಪುಡಿಯ ನೆನಪಾಗುತ್ತದೆ. ಬಕೆಟ್ಟಿಗೆ ಒಂದು ಹಿಡಿ ಸುರಿದು, ಘಾಟು ಮೂಗಿಗೆ ಬಡಿದರೆ ಕ್ರಿಮಿ ಸತ್ತವು ಎಂದು ನಂಬುವವರೇ ಹೆಚ್ಚು. ಘಾಟಿನಿಂದ ಪ್ರಮಾಣ ತಿಳಿಯುವುದಿಲ್ಲ.

ಮೊದಲು ಪೊಟ್ಟಣದ ಮೇಲೆ 'ಲಭ್ಯ ಕ್ಲೋರಿನ್', ಅಂದರೆ ಕ್ರಿಮಿ ಕೊಲ್ಲಲು ಒದಗುವ ಕ್ಲೋರಿನ್ ಪಾಲು, ಎಷ್ಟಿದೆ ನೋಡಿ. ಹೊಸ ಪುಡಿಯಲ್ಲಿ ಸಾಮಾನ್ಯವಾಗಿ ಶೇ 33ರ ಆಸುಪಾಸು ಇರುತ್ತದೆ. ಹಾಗಿದ್ದರೆ ಲೀಟರ್ ನೀರಿಗೆ 30 ಗ್ರಾಂ ಹಾಕಿದಾಗ ಶೇ 1ರ ದ್ರಾವಣ, 15 ಗ್ರಾಂ ಹಾಕಿದಾಗ ಶೇ 0.5ರ ದ್ರಾವಣ ಸಿಗುತ್ತದೆ. ವಾಂತಿ, ಮಲ, ರಕ್ತ ಬಿದ್ದ ಜಾಗಕ್ಕೆ ಇಷ್ಟು ಗಾಢ ದ್ರಾವಣ ಬೇಕು. ಬಾಗಿಲ ಹಿಡಿಕೆ, ನಲ್ಲಿ, ನೆಲಕ್ಕೆ ಶೇ 0.1 ಸಾಕು, ಅಂದರೆ ಲೀಟರಿಗೆ 3 ಗ್ರಾಂ. ಚಮಚದಿಂದ ಚಮಚಕ್ಕೆ ಅಳತೆ ಬದಲಾಗುವುದರಿಂದ ತೂಕ ಮಾಡುವುದೇ ಮೇಲು.

ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ತಣ್ಣೀರಿನೊಂದಿಗೆ ಗಂಟಿಲ್ಲದಂತೆ ಕಲಸಿ, ಮಿಕ್ಕ ನೀರು ಸೇರಿಸಿ. ಸ್ವಲ್ಪ ಹೊತ್ತಿನಲ್ಲಿ ಸುಣ್ಣ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನಷ್ಟೇ ಬಸಿದುಕೊಳ್ಳಿ. ಕೈಗವಸು ಇರಲಿ, ಕಿಟಕಿ ತೆರೆದಿರಲಿ.

ದ್ರವ ಬ್ಲೀಚ್ ಆದರೆ ಲೆಕ್ಕ ಇನ್ನೂ ಸುಲಭ. ಬಾಟಲಿಯ ಶೇಕಡಾವನ್ನು ನಿಮಗೆ ಬೇಕಾದ ಶೇಕಡಾದಿಂದ ಭಾಗಿಸಿ, ಒಂದು ಕಳೆಯಿರಿ. ಬಾಟಲಿ ಶೇ 5, ಬೇಕಿರುವುದು ಶೇ 0.5 ಎಂದಾದರೆ ಭಾಗಲಬ್ಧ 10. ಒಂದು ಲೋಟ ಬ್ಲೀಚಿಗೆ ಅದೇ ಲೋಟದಲ್ಲಿ ಒಂಬತ್ತು ಲೋಟ ನೀರು. ಶೇ 0.1 ಬೇಕೆಂದರೆ 49 ಲೋಟ.

ಅಳತೆ ಸರಿಯಿದ್ದೂ ಕೆಲಸ ಕೆಡುವುದುಂಟು. ಕೊಳೆಯ ಮೇಲೆಯೇ ಸುರಿದರೆ ಕ್ಲೋರಿನ್ ಆ ಕೊಳೆಗೇ ಖರ್ಚಾಗುತ್ತದೆ. ಮೊದಲು ಸೋಪಿನಿಂದ ಉಜ್ಜಿ ತೊಳೆಯಿರಿ, ನಂತರ ದ್ರಾವಣ ಹಚ್ಚಿ ಹತ್ತು ನಿಮಿಷ ಒದ್ದೆಯಾಗಿಯೇ ಬಿಡಿ. ಹಚ್ಚಿದ ಕೂಡಲೇ ಒರೆಸುವುದು ನಮ್ಮ ಮನೆಗಳ ಹಳೆಯ ಅವಸರ. ಆಮೇಲೆ, ಮುಖ್ಯವಾಗಿ ಲೋಹದ ಭಾಗಗಳನ್ನು, ನೀರಿನಿಂದ ಒರೆಸಿ. ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ.

ಶೌಚಾಲಯ ತೊಳೆಯುವ ಆಸಿಡ್ ಜತೆ ಇದನ್ನು ಎಂದಿಗೂ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಅಮೋನಿಯಾ ಇರುವ ಕ್ಲೀನರ್ ಕೂಡ ಅಪಾಯವೇ.

ದ್ರಾವಣವನ್ನು ಆಯಾ ದಿನವೇ ಮಾಡಿ ಬಳಸಿ. ಕುಡಿಯುವ ನೀರಿನ ಹಳೇ ಬಾಟಲಿಗೆ ತುಂಬಿಡಬೇಡಿ. ಪುಡಿಯ ಡಬ್ಬಿಗೆ ಬಿಗಿ ಮುಚ್ಚಳವಿರಲಿ. ತೇವ ತಾಗಿ ಗಟ್ಟಿಕಟ್ಟಿದ ಪುಡಿಗೆ ಮೇಲಿನ ಗ್ರಾಂ ಲೆಕ್ಕ ಹೊಂದುವುದಿಲ್ಲ, ಹೊಸದನ್ನು ತನ್ನಿ.