ಭಾನುವಾರದ ಎದುರಾಳಿಯನ್ನು ಅಳೆದು ತೂಗುವುದು: ನನ್ನ ಅನುಭವ

ನಾನಿರುವುದು ನ್ಯೂಜೆರ್ಸಿಯಲ್ಲಿ. ಡೆಲವೇರ್ ನದಿ ದಾಟಿದರೆ ಫಿಲಡೆಲ್ಫಿಯಾ. ಊರು ಹಾಸನದ ಕಡೆ, ಕೆಲಸ ಸಾಫ್ಟ್‌ವೇರ್. ಸೆಪ್ಟೆಂಬರ್ ಬಂತು ಅಂದರೆ ಇನ್ನೊಂದು ಕೆಲಸ ಶುರುವಾಗುತ್ತದೆ. ಆ ವಾರ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ಟೀಮ್ ಫಿಲಡೆಲ್ಫಿಯಾ ಈಗಲ್ಸ್ ಎದುರು ಯಾವ ಟೀಮ್ ಆಡುತ್ತದೋ ಅದನ್ನು ಅಳೆದು ತೂಗಿ, ಶನಿವಾರ ರಾತ್ರಿ ಎರಡು ಪುಟ ಬರೆದು ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಗುಂಪಿನಲ್ಲಿರುವವರೆಲ್ಲ ಕನ್ನಡದವರು. ಈ ಆಟವನ್ನು ಇಲ್ಲಿಗೆ ಬಂದ ಮೇಲೆ ಕಲಿತವರು. ಟೀಮಿಗೂ ನನಗೂ ಯಾವ ಸಂಬಂಧವೂ ಇಲ್ಲ. ಇಷ್ಟಪಟ್ಟು ಮಾಡುತ್ತೇನೆ, ಅಷ್ಟೇ.

ಮೊದಮೊದಲು ನಾನು ನೋಡುತ್ತಿದ್ದದ್ದು ಅಂಕಿಗಳನ್ನು. ಎಷ್ಟು ಯಾರ್ಡ್ ಗಳಿಸಿದ್ದಾರೆ, ಎಷ್ಟು ಪಾಯಿಂಟ್ ಬಿಟ್ಟುಕೊಟ್ಟಿದ್ದಾರೆ, ಡಿಫೆನ್ಸ್ ಎಷ್ಟನೇ ಸ್ಥಾನದಲ್ಲಿದೆ. ಎರಡು ಟೀಮಿನ ಪಟ್ಟಿ ಅಕ್ಕಪಕ್ಕ ಇಟ್ಟು ಯಾವ ಕಡೆ ತೂಕ ಜಾಸ್ತಿ ಅಂತ ಹೇಳುತ್ತಿದ್ದೆ. ಬಹಳ ಸಲ ಸರಿಯೂ ಆಗುತ್ತಿತ್ತು. ಬಲವಾದ ಟೀಮ್ ಗೆಲ್ಲುವುದು ಸಹಜ ಅಲ್ವಾ. ಹಾಗಾಗಿ ನನ್ನ ದಾರಿ ಸರಿಯಿಲ್ಲ ಅಂತ ಗೊತ್ತಾಗಲು ಒಂದು ದೊಡ್ಡ ಸೋಲೇ ಬೇಕಾಯಿತು.

2023ರ ಫೆಬ್ರವರಿ 12. ಅರಿಝೋನಾದ ಗ್ಲೆಂಡೇಲ್‌ನಲ್ಲಿ ಸೂಪರ್ ಬೌಲ್, ಅಂದರೆ ಸೀಸನ್‌ನ ಫೈನಲ್, ಎದುರಿಗೆ ಕ್ಯಾನ್ಸಸ್ ಸಿಟಿ ಚೀಫ್ಸ್. ಟೀಮಿನಲ್ಲಿ ಬಾಲ್ ಎಸೆಯುವ ಮುಖ್ಯ ಆಟಗಾರ ಕ್ವಾರ್ಟರ್‌ಬ್ಯಾಕ್. ಎಸೆಯುವ ಮುಂಚೆಯೇ ಅವನನ್ನು ಕೆಡವಿದರೆ ಅದು ಸ್ಯಾಕ್. ಆ ಸೀಸನ್‌ನಲ್ಲಿ ನಮ್ಮ ಡಿಫೆನ್ಸ್ 70 ಸ್ಯಾಕ್ ಮಾಡಿತ್ತು. ಚೀಫ್ಸ್ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ಗೆ ನಿಂತು ಎಸೆಯಲು ಸಮಯವೇ ಸಿಗುವುದಿಲ್ಲ ಅಂತ ನಾನು ಧೈರ್ಯವಾಗಿ ಬರೆದೆ. ಪಂದ್ಯದಲ್ಲಿ ಅವನನ್ನು ಒಂದು ಸಲವೂ ಕೆಡವಲು ಆಗಲಿಲ್ಲ. 38-35ರಲ್ಲಿ ಸೋತೆವು.

ಆದರೆ ನನ್ನನ್ನು ಕಾಡಿದ್ದು ಸ್ಯಾಕ್ ಅಲ್ಲ, ಕೊನೆಯ ಕ್ವಾರ್ಟರ್‌ನ ಎರಡು ಟಚ್‌ಡೌನ್. ಬಾಲ್ ಹಿಡಿದು ಎದುರಾಳಿಯ ಕೊನೆಯ ಗೆರೆ ದಾಟಿದರೆ ಅದು ಟಚ್‌ಡೌನ್. ಮೊದಲನೆಯದು ಕಡಾರಿಯಸ್ ಟೋನಿ, 5 ಯಾರ್ಡ್ ದೂರದಿಂದ. ಸಾಲಿನ ತುದಿಯಲ್ಲಿ ನಿಂತಿದ್ದ ಅವನು ಬಾಲ್ ಹಿಂದಕ್ಕೆ ಬರುವ ಮುಂಚೆ ಮಧ್ಯಕ್ಕೆ ಓಡಲು ಶುರು ಮಾಡಿದ. ಈ ಕಡೆಯಿಂದ ಆ ಕಡೆಗೆ ದಾಟುತ್ತಾನೆ ಅಂದುಕೊಂಡು ನಮ್ಮವರು ಅವನನ್ನು ಆ ಕಡೆಯವರಿಗೆ ಒಪ್ಪಿಸುವ ಲೆಕ್ಕದಲ್ಲಿ ಜಾಗ ಬದಲಿಸಿದರು. ಅಷ್ಟರಲ್ಲಿ ಟೋನಿ ಗಕ್ಕನೆ ನಿಂತು, ತಿರುಗಿ, ಬಂದ ದಾರಿಯಲ್ಲೇ ಹೊರಗೆ ಓಡಿದ. ಅಲ್ಲಿ ಒಬ್ಬನೂ ಇರಲಿಲ್ಲ. ಕೆಲವೇ ನಿಮಿಷದ ನಂತರ ಇನ್ನೊಂದು ಬದಿಯಲ್ಲಿ ಅದೇ ಆಟ. ಈ ಸಲ ಸ್ಕೈ ಮೂರ್, 4 ಯಾರ್ಡ್. ಮತ್ತೆ ಸುತ್ತ ಯಾರೂ ಇಲ್ಲ.

ಚೀಫ್ಸ್ ಕೋಚ್‌ಗಳಿಗೆ ಈ ದಾರಿ ಹೊಳೆದದ್ದು ಎಲ್ಲಿ ಅಂತ ಆಮೇಲೆ ಓದಿದೆ. ನಮ್ಮದೇ ಪಂದ್ಯದ ಟೇಪ್‌ನಲ್ಲಿ! 2022ರ ಅಕ್ಟೋಬರ್ 2ರಂದು ಜಾಕ್ಸನ್‌ವಿಲ್ ಜಾಗ್ವಾರ್ಸ್ ಫಿಲಡೆಲ್ಫಿಯಾಕ್ಕೆ ಬಂದಿದ್ದರು. ಅವರ ಜಮಾಲ್ ಆಗ್ನ್ಯೂ ಇಂಥದ್ದೇ ಓಟದಲ್ಲಿ ನಮ್ಮವರನ್ನು ಗೊಂದಲಕ್ಕೆ ಹಾಕಿ ಟಚ್‌ಡೌನ್ ಮಾಡಿದ್ದ. ಆ ದಿನ ನಾನು ಸ್ಟೇಡಿಯಂನಲ್ಲೇ ಇದ್ದೆ. ಜೋರು ಮಳೆ. ರೇನ್‌ಕೋಟ್ ಒಳಗೂ ನೀರು. ಅವರ ಕ್ವಾರ್ಟರ್‌ಬ್ಯಾಕ್ ಟ್ರೆವರ್ ಲಾರೆನ್ಸ್ ನಾಲ್ಕು ಸಲ ಬಾಲ್ ಕೈಬಿಟ್ಟು ನಮಗೆ ಒಪ್ಪಿಸಿದ. 29-21ರಲ್ಲಿ ಗೆದ್ದು ಖುಷಿಯಾಗಿ ಮನೆಗೆ ಬಂದೆ. ನೋಟ್‌ಬುಕ್‌ನಲ್ಲಿ ಬರೆದದ್ದು ಆ ನಾಲ್ಕು ಬಾಲ್ ಬಗ್ಗೆ ಮಾತ್ರ. ಆಗ್ನ್ಯೂ ಹೆಸರು ಕೂಡ ಇರಲಿಲ್ಲ. ನಮ್ಮ ಬಾಗಿಲಿನ ಚಿಲಕ ಸಡಿಲ ಅಂತ ನನ್ನ ಕಣ್ಣೆದುರೇ ತೋರಿಸಿದ್ದರು. ನಾನು ಮಳೆ ನೋಡುತ್ತಿದ್ದೆ.

ನಮ್ಮ ಬೀದಿಯಲ್ಲಿ ಹೈಸ್ಕೂಲ್ ಟೀಮಿಗೆ ಬಹಳ ವರ್ಷ ಕೋಚ್ ಆಗಿದ್ದ ಹಿರಿಯರೊಬ್ಬರಿದ್ದಾರೆ. ಅವರಿಗೆ ಇದನ್ನು ಹೇಳಿದಾಗ ಅವರು ಹೇಳಿದ್ದು ಇಷ್ಟು: ಎದುರಾಳಿಯ ಟೇಪ್ ಆಮೇಲೆ ನೋಡು. ಮೊದಲು ನಿಮ್ಮ ಟೀಮಿನ ಕಳೆದ ನಾಲ್ಕು ಪಂದ್ಯ ನೋಡು. ನೋಡುವಾಗ ಎದುರಾಳಿಯ ಕೋಚ್ ನೀನೇ ಅಂದುಕೋ. ಈ ಕೆಲಸಕ್ಕೆ ಇಲ್ಲಿ ಸೆಲ್ಫ್ ಸ್ಕೌಟ್ ಅನ್ನುತ್ತಾರೆ. ಎನ್‌ಎಫ್‌ಎಲ್ (ಇಲ್ಲಿನ ವೃತ್ತಿಪರ ಲೀಗ್) ಟೀಮ್‌ಗಳು ಪಂದ್ಯವಿಲ್ಲದ ಬೈ ವಾರದಲ್ಲಿ ಇದನ್ನೇ ಮಾಡುತ್ತವೆ. ಹೊರಗಿನವರು ನಮ್ಮನ್ನು ನೋಡಿದರೆ ಏನು ಕಾಣುತ್ತದೆ ಅಂತ ತಾವೇ ಪಟ್ಟಿ ಹಾಕುತ್ತವೆ.

ಅಂದಿನಿಂದ ನನ್ನ ವಾರ ಬದಲಾಯಿತು. ಸೋಮವಾರ, ಮಂಗಳವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ನಮ್ಮ ಟೇಪ್ ಮಾತ್ರ. ಟೇಪ್ ಅಂದರೆ ಟಿವಿಯಲ್ಲಿ ಬರುವ ಪ್ರಸಾರ ಅಲ್ಲ. ಟಿವಿ ಕ್ಯಾಮೆರಾ ಬಾಲ್ ಹಿಂದೆ ಓಡುತ್ತದೆ, ಡಿಫೆನ್ಸ್‌ನಲ್ಲಿ ಎಲ್ಲರಿಗಿಂತ ಹಿಂದೆ, ದೂರದಲ್ಲಿ ನಿಂತ ಸೇಫ್ಟಿಗಳು ಕಾಣುವುದೇ ಇಲ್ಲ. ಎತ್ತರದಿಂದ 22 ಆಟಗಾರರನ್ನೂ ತೋರಿಸುವ ಇನ್ನೊಂದು ವೀಡಿಯೊ ಇದೆ, ಹೆಸರೇ ಆಲ್-22. ಚಂದಾ ಕಟ್ಟಿದರೆ ನಮ್ಮಂಥವರಿಗೂ ಸಿಗುತ್ತದೆ. ಈ ಆಟವನ್ನು ಮನಸ್ಸಿಟ್ಟು ನೋಡುವವರು ಒಂದು ಸಲ ಅದನ್ನು ನೋಡಲೇಬೇಕು. ಬೇರೆ ಆಟವನ್ನೇ ನೋಡಿದ ಹಾಗೆ ಆಗುತ್ತದೆ.

ಬುಧವಾರದಿಂದ ಗಾಯಾಳುಗಳ ವರದಿ ಬರುತ್ತದೆ. ಯಾರು ಪ್ರಾಕ್ಟೀಸ್ ಮಾಡಲಿಲ್ಲ, ಯಾರು ಸ್ವಲ್ಪ ಮಾಡಿದರು, ಯಾರು ಪೂರ್ತಿ ಮಾಡಿದರು ಅಂತ ಟೀಮ್‌ಗಳು ಹೇಳಲೇಬೇಕು. ಒಂದೇ ದಿನದ್ದು ನೋಡಿ ಪ್ರಯೋಜನವಿಲ್ಲ, ಮೂರು ದಿನದ ಸಾಲು ನೋಡಬೇಕು. ಬುಧವಾರ ಇಲ್ಲ, ಗುರುವಾರ ಸ್ವಲ್ಪ, ಶುಕ್ರವಾರ ಪೂರ್ತಿ ಅಂದರೆ ಆಡುವ ಲಕ್ಷಣ. ಬುಧವಾರ ಪೂರ್ತಿ ಇದ್ದವನು ಶುಕ್ರವಾರ ಇಲ್ಲ ಅಂದರೆ ವಾರದ ಮಧ್ಯೆ ಏನೋ ಆಗಿದೆ. ಅದು ಜಾಸ್ತಿ ಚಿಂತೆಯ ವಿಷಯ.

ಗುರುವಾರ ಥರ್ಡ್ ಡೌನ್. ನಾಲ್ಕು ಪ್ರಯತ್ನದಲ್ಲಿ 10 ಯಾರ್ಡ್ ಮುಂದೆ ಹೋಗಬೇಕು ಅನ್ನುವುದು ಈ ಆಟದ ಮೂಲ ನಿಯಮ. ಮೂರನೆಯದರಲ್ಲಿ ಇನ್ನೂ ಏಳೆಂಟು ಯಾರ್ಡ್ ಬಾಕಿ ಇದ್ದಾಗ ಒಂದು ಟೀಮ್ ಏನು ಮಾಡುತ್ತದೆ ಅನ್ನುವುದರಲ್ಲಿ ಅದರ ಸ್ವಭಾವ ಕಾಣುತ್ತದೆ. ಹಳ್ಳಿಯ ಕಬಡ್ಡಿಯಲ್ಲಿ ದಮ್ಮು ಮುಗಿಯುವಾಗ ರೈಡರ್ ಯಾವ ಮೂಲೆಗೆ ಹೋಗುತ್ತಾನೆ ಅಂತ ನೋಡುತ್ತಿದ್ದೆವಲ್ಲ, ಹಾಗೆ. ಇಕ್ಕಟ್ಟಿಗೆ ಸಿಕ್ಕಿದಾಗ ಎಲ್ಲರೂ ತಮಗೆ ಅಭ್ಯಾಸವಾದ ದಾರಿಯನ್ನೇ ಹಿಡಿಯುತ್ತಾರೆ.

ಶುಕ್ರವಾರ ನನಗೆ ತುಂಬಾ ಇಷ್ಟದ ದಿನ. ಅವತ್ತು ಅಫೆನ್ಸಿವ್ ಲೈನ್, ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಐದು ಜನ. ಬಾಲ್ ಎಲ್ಲಿ ಹೋಯಿತು ಅಂತ ನೋಡುವುದೇ ಇಲ್ಲ. ಒಬ್ಬನನ್ನು ಹಿಡಿದು ಅವನ ಕಾಲು ಮಾತ್ರ ನೋಡುತ್ತೇನೆ. ಹಿಂದಕ್ಕೆ ಹೆಜ್ಜೆ ಇಡುವಾಗ ಕಾಲು ಕೂಡಿಕೊಳ್ಳುತ್ತದಾ? ಹೊರಗಿನಿಂದ ಬರುವವನಿಗೆ ಹೆದರಿ ಮೊದಲೇ ಹೊರಕ್ಕೆ ವಾಲುತ್ತಾನಾ? ಹಾಗೆ ವಾಲಿದರೆ ಒಳಗಡೆ ದಾರಿ ಬಿಟ್ಟ ಹಾಗೆ. ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು, ಬಾಲ್ ಕ್ವಾರ್ಟರ್‌ಬ್ಯಾಕ್ ಕೈಗೆ ಬಂದಾಗಿನಿಂದ ಅವನ ಮುಂದಿನ ಗೋಡೆ ಕುಸಿಯುವ ತನಕ ಎಷ್ಟು ಸೆಕೆಂಡ್ ಅಂತ ಬರೆಯುತ್ತೇನೆ. ಪಂದ್ಯಕ್ಕೆ ಮೂವತ್ತು ನಲವತ್ತು ಆಟ, ಪ್ರತಿಯೊಂದನ್ನೂ ಎರಡೆರಡು ಸಲ. ನಿಧಾನದ ಕೆಲಸ.

ಇದೆಲ್ಲ ಒಟ್ಟಿಗೆ ಪರೀಕ್ಷೆಗೆ ಬಂದದ್ದು 2025ರಲ್ಲಿ. ಮತ್ತೆ ಸೂಪರ್ ಬೌಲ್, ಮತ್ತೆ ಚೀಫ್ಸ್, ಫೆಬ್ರವರಿ 9, ನ್ಯೂ ಆರ್ಲಿಯನ್ಸ್. ನಾವು ವಾಷಿಂಗ್ಟನ್ ಮೇಲೆ 55-23ರಲ್ಲಿ ಗೆದ್ದು ಬಂದಿದ್ದೆವು. ಅವರು ಬಫಲೋ ಮೇಲೆ 32-29. ತಯಾರಿಗೆ ಎರಡು ವಾರ.

ಲೀಗ್ ಪಂದ್ಯಗಳಲ್ಲಿ ಚೀಫ್ಸ್ ಸೋತದ್ದು ಎರಡೇ, ಗೆದ್ದದ್ದು 15. ಹಳೆಯ ನಾನಾಗಿದ್ದರೆ ಅಲ್ಲೇ ಹೆದರುತ್ತಿದ್ದೆ. ಆದರೆ ಆ 15ರಲ್ಲಿ 11 ಗೆಲುವು ಒಂದೇ ಸ್ಕೋರ್ ಅಂತರದವು, ಅಂದರೆ 8 ಪಾಯಿಂಟ್ ಒಳಗೆ. ಅದೃಷ್ಟ ಅಂತ ನಾನು ಹೇಳುವುದಿಲ್ಲ. ಕೊನೆಯ ಎರಡು ನಿಮಿಷದಲ್ಲಿ ಮಹೋಮ್ಸ್‌ನಷ್ಟು ಗಟ್ಟಿ ಮನುಷ್ಯನನ್ನು ನಾನು ನೋಡಿಲ್ಲ. ಆದರೆ ಪಂದ್ಯ ಕೊನೆಯ ತನಕ ಹತ್ತಿರದಲ್ಲಿ ಇದ್ದರೆ ತಾನೇ ಆ ಎರಡು ನಿಮಿಷ ಬರುವುದು?

ಮೊದಲ ವಾರ ಪೂರ್ತಿ ನಮ್ಮ ಡಿಫೆನ್ಸ್ ಟೇಪ್ ನೋಡಿದೆ. ಕೋಚ್ ವಿಕ್ ಫ್ಯಾಂಜಿಯೊ ಬ್ಲಿಟ್ಜ್ ಬಹಳ ಕಡಿಮೆ ಮಾಡಿಸುತ್ತಾರೆ. ಬ್ಲಿಟ್ಜ್ ಅಂದರೆ ಮಾಮೂಲಿ ನಾಲ್ಕು ಜನರ ಬದಲು ಐದು, ಆರು ಜನ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವುದು. ಚೀಫ್ಸ್ ಕೋಚ್ ಆ್ಯಂಡಿ ರೀಡ್ ಜಾಗದಲ್ಲಿ ಕೂತು ನೋಡಿದರೆ ಪ್ರಶ್ನೆ ಒಂದೇ: ಈ ನಾಲ್ಕು ಜನರನ್ನು ನನ್ನ ಐದು ಜನ ತಡೆಯುತ್ತಾರಾ?

ಎರಡನೇ ವಾರ ಆ ಐದು ಜನರನ್ನು ನೋಡಿದೆ. ಸೀಸನ್ ಉದ್ದಕ್ಕೂ ಅವರಿಗೆ ಲೆಫ್ಟ್ ಟ್ಯಾಕಲ್ ಜಾಗದ ತಲೆನೋವು. ಕ್ವಾರ್ಟರ್‌ಬ್ಯಾಕ್ ಬಲಗೈಯವನಾದರೆ ಅವನ ಬೆನ್ನು ಕಾಯುವ ಜಾಗ ಅದು. ಒಬ್ಬೊಬ್ಬರನ್ನೇ ಹಾಕಿ ನೋಡಿ, ಕೊನೆಗೆ ಡಿಸೆಂಬರ್‌ನಲ್ಲಿ ಜೋ ಥೂನಿಯನ್ನು ಅಲ್ಲಿಗೆ ಸರಿಸಿದ್ದರು. ಥೂನಿ ಅತ್ಯುತ್ತಮ ಆಟಗಾರ, ಆದರೆ ಅವನ ಸ್ವಂತ ಜಾಗ ಒಳಗಿನ ಗಾರ್ಡ್. ಅವನು ಹೊರಗೆ ಹೋದ ಮೇಲೆ ಆ ಗಾರ್ಡ್ ಜಾಗಕ್ಕೆ ಮೈಕ್ ಕ್ಯಾಲಿಯೆಂಡೊ ಬಂದ. ಒಂದು ತೂತು ಮುಚ್ಚಲು ಹೋಗಿ ಎರಡು ಜಾಗ ಬದಲಾಗಿತ್ತು. ಸ್ಟಾಪ್‌ವಾಚ್ ಹಿಡಿದಾಗ ಗೋಡೆ ಜಾಸ್ತಿ ಸಲ ಕುಸಿಯುತ್ತಿದ್ದದ್ದು ತುದಿಯಲ್ಲಲ್ಲ, ಒಳಗೆ.

ಆಮೇಲೆ ಒಂದು ಹಳೆಯ ಟೇಪ್ ಹುಡುಕಿದೆ. 2021ರ ಫೆಬ್ರವರಿಯ ಸೂಪರ್ ಬೌಲ್, ಟ್ಯಾಂಪಾ ಬೇ 31, ಚೀಫ್ಸ್ 9. ಅವತ್ತು ಚೀಫ್ಸ್‌ನ ಎರಡೂ ಬದಿಯ ಮೂಲ ಟ್ಯಾಕಲ್‌ಗಳು ಗಾಯದಿಂದ ಹೊರಗಿದ್ದರು. ಟ್ಯಾಂಪಾ ಬ್ಲಿಟ್ಜ್‌ಗೇ ಹೆಸರಾದ ಟೀಮ್, ಆದರೂ ಅವತ್ತು ಬ್ಲಿಟ್ಜ್ ಬಹಳ ಕಡಿಮೆ. ನಾಲ್ಕು ಜನರನ್ನು ಕಳಿಸಿ, ಏಳು ಜನರನ್ನು ಹಿಂದೆ ಇಟ್ಟುಕೊಂಡರು.

ಶನಿವಾರ ರಾತ್ರಿ ಬರೆದ ಮೊದಲ ಸಾಲು ಇದು: ನಾಲ್ಕೇ ಜನ ಸಾಕು, ಐದನೆಯವನು ಬೇಡ. ಗುಂಪಿನಲ್ಲಿ ಒಬ್ಬ ಕೂಡಲೇ ಕೇಳಿದ, "ಏನ್ ಗುರು, ಬ್ಲಿಟ್ಜ್ ಮಾಡದಿದ್ರೆ ಮಹೋಮ್ಸ್ ಆರಾಮಾಗಿ ನಿಂತು ಎಸೀತಾನಲ್ವಾ?" ನ್ಯಾಯವಾದ ಪ್ರಶ್ನೆ. ನಾನು ಬರೆದೆ: ಐದನೆಯವನು ನುಗ್ಗಿದರೆ ಹಿಂದೆ ಒಂದು ಜಾಗ ಖಾಲಿ. ಆ ಖಾಲಿ ಜಾಗ ಮಹೋಮ್ಸ್ ಕಣ್ಣಿಗೆ ನಮಗಿಂತ ಮೊದಲು ಬೀಳುತ್ತದೆ.

ಪಂದ್ಯ ನೀವೂ ನೋಡಿರಬಹುದು. ನಮ್ಮವರು ಇಡೀ ಪಂದ್ಯದಲ್ಲಿ ಒಂದು ಸಲವೂ ಬ್ಲಿಟ್ಜ್ ಮಾಡಲಿಲ್ಲ. ಆದರೂ ಆರು ಸ್ಯಾಕ್. ಮಹೋಮ್ಸ್‌ಗೆ ಒಂದೇ ಪಂದ್ಯದಲ್ಲಿ ಅಷ್ಟು ಹಿಂದೆ ಯಾವತ್ತೂ ಆಗಿರಲಿಲ್ಲ. ಅರ್ಧ ಮುಗಿದಾಗ 24-0, ಚೀಫ್ಸ್ ಗಳಿಸಿದ್ದು ಒಟ್ಟು 23 ಯಾರ್ಡ್. ಕೂಪರ್ ಡಿಜೀನ್ ಅವತ್ತೇ ತನ್ನ 22ನೇ ಹುಟ್ಟುಹಬ್ಬದ ದಿನ ಮಹೋಮ್ಸ್ ಎಸೆದ ಬಾಲ್ ಹಿಡಿದು 38 ಯಾರ್ಡ್ ಓಡಿ ಟಚ್‌ಡೌನ್ ಮಾಡಿದಾಗ ನಮ್ಮ ಮನೆಯಲ್ಲಿ ಮಕ್ಕಳು ಸೋಫಾ ಮೇಲೆ ಹತ್ತಿ ಕುಣಿದರು. ಕೊನೆಗೆ 40-22.

ಆದರೆ ನನ್ನ ಎರಡನೇ ಪುಟ ಪೂರ್ತಿ ತಪ್ಪಾಗಿತ್ತು. ಆ ಸೀಸನ್‌ನಲ್ಲಿ 2,005 ಯಾರ್ಡ್ ಓಡಿದ ಸೇಕ್ವಾನ್ ಬಾರ್ಕ್ಲಿ ಈ ಪಂದ್ಯವನ್ನೂ ಓಡಿಯೇ ಗೆಲ್ಲಿಸುತ್ತಾನೆ ಅಂತ ಬರೆದಿದ್ದೆ. ಚೀಫ್ಸ್ ಅವನ ದಾರಿಗೆ ಅಡ್ಡ ನಿಲ್ಲಲು ತಯಾರಾಗಿ ಬಂದಿದ್ದರು. 25 ಸಲ ಓಡಿ ಅವನು ಗಳಿಸಿದ್ದು 57 ಯಾರ್ಡ್. ಅವನಿಗೆ ಅಂತ ಅವರು ಮುಂದೆ ಜನ ಸೇರಿಸಿದ್ದಕ್ಕೆ ನಮ್ಮ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್‌ಗೆ ಎಸೆಯಲೂ ಓಡಲೂ ಜಾಗ ಸಿಕ್ಕಿತು. ಪಂದ್ಯದ ಶ್ರೇಷ್ಠ ಆಟಗಾರ ಪ್ರಶಸ್ತಿ ಅವನಿಗೇ ಹೋಯಿತು. ನಮ್ಮ ಡಿಫೆನ್ಸನ್ನು ರೀಡ್ ಕಣ್ಣಲ್ಲಿ ನೋಡಿದವನು, ನಮ್ಮ ಓಟವನ್ನು ಅವರ ಡಿಫೆನ್ಸ್ ಕೋಚ್ ಕಣ್ಣಲ್ಲಿ ನೋಡಲು ಮರೆತಿದ್ದೆ. ಅರ್ಧ ಮನೆ ಮಾತ್ರ ಗುಡಿಸಿದ್ದೆ.

ಮುಂದಿನ ವಾರ, ಫಿಲಡೆಲ್ಫಿಯಾದಲ್ಲಿ ವಿಜಯದ ಮೆರವಣಿಗೆ ಮುಗಿದ ಮೇಲೆ, ಆ 25 ಓಟಗಳನ್ನು ಒಂದೊಂದಾಗಿ ನೋಡಿದೆ. ಲೈನ್ ಹತ್ತಿರ ಎಷ್ಟು ಜನ ನಿಂತಿದ್ದರು, ಯಾರು ಮೊದಲು ಮುಟ್ಟಿದರು, ಯಾವ ಬದಿ. ಹೊಸ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಅಷ್ಟನ್ನೂ ಬರೆದಿಟ್ಟೆ. ಸೆಪ್ಟೆಂಬರ್‌ನಲ್ಲಿ ನಮ್ಮೆದುರು ಬರುವ ಕೋಚ್‌ಗಳೂ ಮೊದಲು ತೆಗೆಯುವ ಟೇಪ್ ಇದೇ.